ಕೊನೆಯ ಡಬ್ಬಿ ದಾಟುವ ಮುನ್ನ

ಚನ್ನವೀರಪ್ಪ ಹೊಂಬಳ ಮೂವತ್ತಾರು ವರ್ಷ ರೈಲ್ವೆ ಸ್ಟೇಷನ್ ಮಾಸ್ತರರಾಗಿದ್ದವರು. ದೊಡ್ಡ ಊರಿನ ಸ್ಟೇಷನ್ನು ಅವರ ಹಣೆಯಲ್ಲಿ ಬರೆದಿರಲಿಲ್ಲ. ಗದಗಿನ ಆಚೆ ಈಚೆ, ಒಂದು ಬೇವಿನ ಮರ, ಎರಡು ಕಲ್ಲುಬೆಂಚು, ಮೂರು ಹೊತ್ತಿಗೆ ಮೂರು ಗಾಡಿ ಇರುವಂಥ ಕಡೆಗಳಲ್ಲೇ ಅವರ ನೌಕರಿ ಸವೆಯಿತು. ಆ ನೌಕರಿಯನ್ನು ಹಿಂಡಿ ತೆಗೆದರೆ ಉಳಿಯುವುದು ಒಂದೇ ಮಾತು: ಗಾಡಿಯ ಕೊನೆಯ ಡಬ್ಬಿ ನಮ್ಮ ಕಣ್ಣ ಮುಂದೆ ದಾಟುವವರೆಗೆ, 'ಗಾಡಿ ಮುಟ್ಟಿತು' ಎಂದು ಹಿಂದಿನ ಸ್ಟೇಷನ್ನಿಗೆ ಹೇಳಬಾರದು, ಲೈನು ಕೊಡಬಾರದು.

ಎಂಜಿನ್ನು ಬಂದ ಮಾತ್ರಕ್ಕೆ ಗಾಡಿ ಬಂದಂತಲ್ಲ. ನಡುದಾರಿಯಲ್ಲಿ ಕೊಂಡಿ ಕಳಚಿ ಎರಡು ಡಬ್ಬಿ ಹಳಿಯ ಮೇಲೇ ಉಳಿದಿರಬಹುದು. ಮುಟ್ಟಿತು ಎಂದು ನೀವು ಹೇಳಿದಿರಿ, ಹಿಂದಿನವರು ನಿಮ್ಮ ಮಾತು ನಂಬಿ ಇನ್ನೊಂದು ಗಾಡಿ ಬಿಟ್ಟರು. ಮುಂದೆ ಆಗುವುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೇ ಕೊನೆಯ ಡಬ್ಬಿಯ ಬೆನ್ನಿಗೆ ಒಂದು ಹಲಗೆ ತೂಗುಹಾಕಿರುತ್ತಾರೆ. ಅದನ್ನು ಕಣ್ಣಾರೆ ಕಂಡ ಮೇಲೆಯೇ ಮಾಸ್ತರರ ಕೈ ಫೋನಿನ ಮೇಲೆ ಹೋಗಬೇಕು.

ಈ ಮಾತು ಮನೆಯೊಳಗೂ ಬಂದು ಕೂತಿತ್ತು. ಮಗಳು ನೀಲಾಂಬಿಕಾ ಲೆಕ್ಕ ಮುಗೀತು ಎಂದರೆ, "ಕೊನೀ ಡಬ್ಬಿ ನೋಡೀಯೇನು?" ಎಂದು ಕೇಳುವರು. ಹೆಂಡತಿ ಗೌರವ್ವ ಅಡಿಗಿ ಆತು ಎಂದರೂ ಅದೇ ಪ್ರಶ್ನೆ. "ಅಗಳು ಹಿಚುಕಿ ನೋಡೀನ್ರಿ, ಹಸರು ನಿಶಾನಿ ತೋರಸಿ ಊಟಕ್ಕ ಕುಂದರ್ರಿ" ಎಂದು ಆಕೆ ತಾಟು ಇಡುತ್ತಿದ್ದಳು.

ಗೌರವ್ವ ಹೋಗಿ ಒಂಬತ್ತು ವರ್ಷವಾಯಿತು. ಆಮೇಲೆ ಮೂರನೆಯ ವರ್ಷಕ್ಕೆ ಮಾಸ್ತರರಿಗೆ ಸೋರುಮರೆವು ಶುರುವಾಯಿತು.

ಸೋರುಮರೆವು ಹಿಂದಿನ ಕಾಲದ ಅರಳುಮರಳಿನಂಥದ್ದಲ್ಲ. ಈ ರೋಗ ಬಂದವರ ತಲೆ ಬಿರುಕುಬಿಟ್ಟ ಕೊಡ. ಇವತ್ತು ತುಂಬಿದ್ದು ನಾಳೆಗೆ ಇರುವುದಿಲ್ಲ. ಹಳೆಯದಾದರೂ ಗಟ್ಟಿಯಾಗಿ ಕೂತಿರುತ್ತದೆಯೇ ಎಂದರೆ, ಒಮ್ಮೆ ನೆನೆದದ್ದೇ ತಡ, ಅದೂ ಬುಡ ಸಡಿಲಾಗಿ ಒಂದು ದಿನದಲ್ಲಿ ಸೋರಿಹೋಗುತ್ತದೆ. ಪ್ರೀತಿಯಿಂದ ನೆನೆದಷ್ಟೂ ಬೇಗ ಕಳೆದುಕೊಳ್ಳುವ ರೋಗ. ದೇವರಿಗೂ ಒಮ್ಮೊಮ್ಮೆ ಬೇರೆ ಕೆಲಸವಿರುವುದಿಲ್ಲ.

ಮದ್ದು ಸಿಗಲಿಲ್ಲ, ಊರುಗೋಲು ಸಿಕ್ಕಿತು. ಕಿವಿಯ ಹಿಂದೆ ಬೆರಳಿನ ಉಗುರಿನಷ್ಟು ಅಗಲದ ಒಂದು ಬಿಲ್ಲೆ ಕೂರಿಸುತ್ತಾರೆ. ಎದ್ದ ನೆನಪನ್ನು ಅದು ಹಿಡಿದು ಗೋದಾಮಿಗೆ ಕಳಿಸುತ್ತದೆ. ಗೋದಾಮು ಎಂದರೆ ಗದಗ–ಬೆಟಗೇರಿಯ ಅಂಚಿನಲ್ಲಿ ಮೊದಲು ಅರಳೆ ತುಂಬುತ್ತಿದ್ದ ಹಳೆಯ ಹತ್ತಿ ಜಿನ್ನಿನ ಕಟ್ಟಡ. ಈಗ ಅಲ್ಲಿ ಸಾಲುಸಾಲು ಡಿಸ್ಕುಗಳು. ಬಾಗಿಲ ಮೇಲೆ ಸ್ಮರಣಶಾಲೆ ಎಂದು ಬೋರ್ಡು ಇದ್ದರೂ ಊರವರ ಬಾಯಲ್ಲಿ ನೆನಪಿನ ಗೋದಾಮು. ನೆನಪು ಡಿಸ್ಕಿನಲ್ಲಿ ಬರೆದಾದ ಮೇಲೆ ಗೋದಾಮಿನಿಂದ ಬಿಲ್ಲೆಗೆ ಒಂದೇ ಸುದ್ದಿ ಬರುತ್ತದೆ: ಮುಟ್ಟಿತು. ಆಗ ಬಿಲ್ಲೆ ಹಿಡಿತ ಬಿಡುತ್ತದೆ, ತಲೆಯೂ ಬಿಡುತ್ತದೆ. ಮತ್ತೆ ಬೇಕೆಂದಾಗ ತೆಗೆಸಿಕೊಳ್ಳಬಹುದು.

ಆ ಡಿಸ್ಕುಗಳನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಮು ಬರೆದವಳು ಅವರ ಮಗಳು ಇದೇ ನೀಲಾ. "ಗಾಡಿ ಇಲ್ಲದ ಡ್ರೈವರ್" ಎಂದು ಮಾಸ್ತರರು, ಬುದ್ಧಿ ನೆಟ್ಟಗಿದ್ದ ದಿನಗಳಲ್ಲಿ, ಮಗಳನ್ನು ಕಾಡುತ್ತಿದ್ದರು. ಆದರೆ ಅವಳ ಕೆಲಸ ಅವರ ಕೆಲಸಕ್ಕೆ ತೀರ ದೂರದ್ದೇನೂ ಆಗಿರಲಿಲ್ಲ.

ಮೂರು ಡಿಸ್ಕಿನದು ಒಂದು ಜತೆ. ಒಂದೊಂದು ಸಾಲಿನಲ್ಲೂ ಮೊದಲನೆಯದರಲ್ಲಿ ಒಬ್ಬರ ನೆನಪು, ಎರಡನೆಯದರಲ್ಲಿ ಇನ್ನೊಬ್ಬರದು, ಮೂರನೆಯದರಲ್ಲಿ ಅವೆರಡರ ಮೊತ್ತ. ಒಬ್ಬರದು ಏಳು, ಪಕ್ಕದವರದು ಐದು ಎಂದುಕೊಳ್ಳಿ, ಮೊತ್ತ ಹನ್ನೆರಡು. ಐದು ಇದ್ದ ಡಿಸ್ಕು ಕೆಟ್ಟರೂ ಭಯವಿಲ್ಲ, ಹನ್ನೆರಡರಲ್ಲಿ ಏಳು ಕಳೆದರೆ ಐದು ಸಿಕ್ಕೇ ಸಿಗುತ್ತದೆ. ಮೂರರಲ್ಲಿ ಯಾವ ಒಂದು ಹೋದರೂ ಉಳಿದೆರಡು ಅದನ್ನು ಹುಟ್ಟಿಸಿಕೊಡುತ್ತವೆ.

ತೊಂದರೆ ಇರುವುದು ಬದಲಾಯಿಸುವಾಗ. ನೆನೆದಾಗಲೆಲ್ಲ ನೆನಪು ಒಂದಿಷ್ಟು ಬದಲಾಗುತ್ತದೆ, ಹಳೆಯದರ ಜಾಗದಲ್ಲಿ ಹೊಸದನ್ನು ಬರೆಯಬೇಕಾಗುತ್ತದೆ. ಏಳನ್ನು ಒಂಬತ್ತು ಮಾಡಬೇಕಾದರೆ ಐದು ಕೆಲಸ: ಹಳೆಯದನ್ನು ಓದು, ಹಳೆಯ ಮೊತ್ತ ಓದು, ಹೊಸ ಮೊತ್ತ ಕೂಡಿಸು, ಹೊಸದನ್ನು ಬರೆ, ಹೊಸ ಮೊತ್ತ ಬರೆ. ಡಿಸ್ಕು ನಿಧಾನದ ಪ್ರಾಣಿ. ಅದರ ಮುಂದೆ ಯಾರೂ ಕಾಯುತ್ತ ನಿಲ್ಲುವುದಿಲ್ಲ. ಮುಗಿದಾಗ ಮುಂದಿನವನನ್ನು ಎಬ್ಬಿಸು ಎಂದು ಒಂದು ಚೀಟಿ ಇಟ್ಟು ಹೊರಟುಬಿಡಬೇಕು. ಹೀಗೆ ಒಂದೊಂದು ನೆನಪಿಗೂ ಐದು ಕೊಂಡಿಯ ಸರಪಳಿ, ಏಕಕಾಲಕ್ಕೆ ಸಾವಿರಾರು ಸರಪಳಿ. ಯಾವ ಸರಪಳಿ ಎಲ್ಲಿಗೆ ಬಂತು, ಯಾವುದು ಕಳಚಿತು ಎಂದು ನೋಡುವುದೇ ನೀಲಾಳ ಡ್ರೈವರಿನ ಕೆಲಸ. ಮುಟ್ಟಿತು ಎನ್ನುವ ಮಾತನ್ನು ಅವಳು ಐದನೆಯ ಕೊಂಡಿಯ ಆಚೆ ಇಟ್ಟಿದ್ದಳು. ಸ್ಟೇಷನ್ ಮಾಸ್ತರರ ಮಗಳು ಬೇರೆ ಎಲ್ಲಿ ಇಟ್ಟಾಳು.

ಅಲ್ಲಿಯವರೆಗೆ ಬಿಲ್ಲೆ ಹಳೆಯದನ್ನೂ ಹೊಸದನ್ನೂ ಎರಡನ್ನೂ ಬಿಡದೆ ಹಿಡಿದಿರಬೇಕು. ಅದು ಹಿಡಿದಿರುವಷ್ಟು ಹೊತ್ತೂ ಆ ಮನುಷ್ಯ ಆ ನೆನಪಿನೊಳಗೇ ಸುತ್ತುತ್ತಿರಬೇಕು. ಮೊದಲ ವರ್ಷ ಅದು ಹತ್ತೆಣಿಸುವಷ್ಟರಲ್ಲಿ ಮುಗಿಯುತ್ತಿತ್ತು. ರೋಗಿಗಳು ಹೆಚ್ಚಿದ ಹಾಗೆ ಮೊತ್ತದ ಡಿಸ್ಕುಗಳ ಮುಂದೆ ಚೀಟಿಗಳ ಸಾಲು ಬೆಳೆಯಿತು. ಓದುವುದು ಚುರುಕು, ಬರೆಯುವುದೇ ತಡ. ಮೂರನೆಯ ವರ್ಷಕ್ಕೆ ಕಾಯುವ ಹೊತ್ತು ನಲವತ್ತು ನಿಮಿಷಕ್ಕೆ ಬಂತು.

ಮಾಸ್ತರರಿಗೆ ಮಧ್ಯಾಹ್ನ ಮೂರರ ಸುಮಾರಿಗೆ ಒಂದು ನೆನಪು ತಾನಾಗಿ ಏಳುತ್ತಿತ್ತು. ಗೌರವ್ವನ ಕೊನೆಯ ದಿನ. ಬೇಡವೆಂದರೂ ಏಳುತ್ತಿತ್ತು, ಎದ್ದ ಮೇಲೆ ಬರೆಯದೆ ಬಿಟ್ಟರೆ ಸೋರಿಹೋಗುತ್ತಿತ್ತು. ಬರೆಯುವುದು ಬೇಡ, ಹೋದರೆ ಹೋಗಲಿ ಎಂದು ನೀಲಾ ಒಮ್ಮೆ ಅಂದಿದ್ದಳು. ಮಾಸ್ತರರು ಮಗಳನ್ನು ದಿಟ್ಟಿಸಿ, "ನಿಮ್ಮವ್ವ ನನ್ನ ಕೂಡ ಆಡಿದ ಕಡೀ ಮಾತು ಅದರಾಗ ಐತಿ. ನೀ ಯಾರು ಬ್ಯಾಡನ್ನಾಕಿ?" ಎಂದಿದ್ದರು.

ಹೀಗಾಗಿ ದಿನಾ ಗೋದಾಮಿನ ಮಂಚ. ದಿನಾ ನಲವತ್ತು ನಿಮಿಷ ಅವರು ಆಸ್ಪತ್ರೆಯ ಆ ಕೋಣೆಯೊಳಗೆ. ಕಣ್ಣು ಮುಚ್ಚಿ, ಇಲ್ಲದ ಲೋಟವನ್ನು ಕೈಯಲ್ಲಿ ಹಿಡಿದು, "ಗೌರೀ, ಒಂದ್ ಗುಟುಕು ಕುಡಿ. ಒಂದs ಗುಟುಕು" ಎನ್ನುವರು. ಆಕೆ ಕುಡಿಯುವುದಿಲ್ಲ. ಮತ್ತೆ ಮೊದಲಿನಿಂದ ಲೋಟ, ಗೌರಿ, ಗುಟುಕು. ಪಕ್ಕದ ಮಂಚಗಳಲ್ಲೂ ಇಂಥದೇ. ನೀಲಾ ಮೇಲಿನ ಕೋಣೆಯಲ್ಲಿ ಪರದೆಯ ಮೇಲೆ ಅಪ್ಪನ ಚೀಟಿ ಸಾಲಿನಲ್ಲಿ ಇಂಚಿಂಚು ಸರಿಯುವುದನ್ನು ನೋಡುತ್ತ, ಕೆಳಗಿನ ದನಿಯನ್ನು ಕೇಳುತ್ತ ಕೂರುತ್ತಿದ್ದಳು. ಎಷ್ಟು ದಿನ ಕೇಳಿಯಾಳು?

ಒಂದು ಬುಧವಾರ ಅವಳು ಮುಟ್ಟಿತು ಎನ್ನುವ ಮಾತನ್ನು ಒಂದು ಕೊಂಡಿ ಹಿಂದಕ್ಕೆ ತಂದಳು. ಹೊಸದು ಡಿಸ್ಕಿನ ಮೇಲೆ ಕೂತ ಕೂಡಲೇ ಮುಟ್ಟಿತು ಎನ್ನುವುದು. ಮೊತ್ತ ತನ್ನ ಸರದಿ ಬಂದಾಗ ಬರೆದುಕೊಳ್ಳಲಿ. ಅಪಾಯದ ಲೆಕ್ಕವನ್ನು ಅವಳು ಹಾಕದೆ ಇರಲಿಲ್ಲ. ಅಪ್ಪನದು ಬರೆದಾಗಿದೆಯಲ್ಲ, ಅಪ್ಪನಿಗೇನೂ ಆಗದು ಎಂದು ಹಾಕಿದಳು. ಬರೆಯುತ್ತಿರುವವರ ಲೆಕ್ಕವನ್ನಷ್ಟೇ ಹಾಕಿದಳು.

"ಇದರಾಗ ಏನೂ ಧೋಕಾ ಇಲ್ಲಲ್ಲಾ?" ಎಂದು ಸ್ಮರಣಶಾಲೆಯ ಮುಖ್ಯಸ್ಥರಾದ ಡಾಕ್ಟರ್ ವಾದಿರಾಜ ಗಲಗಲಿ ಕೇಳಿದ್ದರು.

"ಇಲ್ಲ ಸರ್" ಎಂದಿದ್ದಳು ನೀಲಾ.

ನಲವತ್ತು ನಿಮಿಷ ನಾಲ್ಕು ಸೆಕೆಂಡಿಗೆ ಇಳಿಯಿತು. ಮಾಸ್ತರರು ಕಣ್ಣು ಮುಚ್ಚಿ, ಲೋಟ ಹಿಡಿದು, ಒಮ್ಮೆ ಗೌರೀ ಎನ್ನುವಷ್ಟರಲ್ಲಿ ಮುಖ ತಿಳಿಯಾಗುತ್ತಿತ್ತು. ಎದ್ದು ಕೂತು ಚಹ ಕೇಳುವರು. ರೋಗಿಗಳ ಮನೆಯವರು ಮೆಟ್ಟಿಲು ಹತ್ತಿ ಬಂದು ನೀಲಾಳ ಕೈ ಹಿಡಿದು, ನಿನ್ನ ಹೊಟ್ಟೆ ತಣ್ಣಗಿರಲಿ ಎಂದರು. ಒಬ್ಬರು ಹಬ್ಬದ ಸಿಹಿ ಮಾದಲಿ ಮಾಡಿ ತಂದುಕೊಟ್ಟರು. ತಕರಾರು ತಂದವಳು ಒಬ್ಬಳೇ, ಫಕೀರವ್ವ.

ಫಕೀರವ್ವ ಗಜೇಂದ್ರಗಡದ ನೇಕಾರ್ತಿ. ನಲವತ್ತು ವರ್ಷ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಸೀರೆ ನೇಯ್ದವಳು. ಹತ್ತಿರದವರ ಹೆಸರು ಬರೆಯುವ ಜಾಗದಲ್ಲಿ ಗೋದಾಮಿನವರು ಒಂದು ಗೆರೆ ಎಳೆದಿದ್ದರು. ಅವಳವರು ಎನ್ನುವವರು ಯಾರೂ ಇರಲಿಲ್ಲ. ಸರಿಯಾಗಿ ನಾಲ್ಕು ಗಂಟೆಗೆ ಅಂಗಳದ ಕಲ್ಲುಬೆಂಚಿಗೆ ಬಂದು ಕೂತು, "ನಂದು ತಗದು ಕೊಡವ್ವಾ" ಎನ್ನುವಳು. ಅವಳಿಗಿದ್ದ ಹಳೆಯ ನೆನಪು ಅದೊಂದೇ, ಹನ್ನೊಂದು ನಿಮಿಷದ್ದು. ಅದರಲ್ಲಿ ಏನಿದೆಯೆಂದು ಯಾರಿಗೂ ತಿಳಿಯದು. ಇನ್ನೊಬ್ಬರ ನೆನಪು ಇಣುಕಬಾರದು ಎಂಬುದು ಗೋದಾಮಿನ ಕಟ್ಟುನಿಟ್ಟು. ನೆನಪು ಬಂದಾಗ ಫಕೀರವ್ವ ಕಣ್ಣು ಮುಚ್ಚುವಳು, ತುಟಿಯ ಮೂಲೆಯಲ್ಲಿ ನಗು ಏಳುವುದು, ಎರಡೂ ಕೈಯ ಬೆರಳುಗಳು ಗಾಳಿಯಲ್ಲಿ ಮೇಲೆ ಕೆಳಗೆ ಆಡುವುವು. ಹರಿದ ಎಳೆ ಗಂಟು ಹಾಕುತ್ತಿದ್ದಾಳೆ, ಕೈಯ ರೂಢಿ ಎಂದು ನೀಲಾ ಅಂದುಕೊಂಡಿದ್ದಳು.

ಬದಲಾವಣೆಯಾದ ಮಾರನೆಯ ದಿನ ಫಕೀರವ್ವ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದಳು. "ಇಷ್ಟು ಲಗೂನ ಯಾಕ ಬಿಡಸಾಕತ್ತೀಯವ್ವಾ? ನನ್ನ ಕೈಗೆ ಇನ್ನೂ ಸಾಕಾಗಿಲ್ಲ."

ಬೇರೆಯವರನ್ನು ಸುಡುತ್ತಿದ್ದ ನಲವತ್ತು ನಿಮಿಷ ಇವಳಿಗೆ ಸಿಕ್ಕ ಬಳುವಳಿಯಾಗಿತ್ತು.

"ಊರಿಗೆ ಊರs ನನ್ನ ಹರಸತೈತಿ, ನೀ ಒಬ್ಬಾಕಿ ಜಗಳಕ್ಕ ಬಂದಿ ನೋಡು" ಎಂದು ನೀಲಾ ನಕ್ಕಿದ್ದಳು.

ಏಳು ವಾರ ಸುಖವಾಗಿ ನಡೆಯಿತು.

ಎಂಟನೆಯ ವಾರದ ಮಂಗಳವಾರ, ಮಧ್ಯಾಹ್ನ ಮೂರೂ ಇಪ್ಪತ್ತು. ಗೋದಾಮಿಗೆ ವಿದ್ಯುತ್ತು ಬರುತ್ತಿದ್ದದ್ದು ಕಪ್ಪತಗುಡ್ಡದ ಗಾಳಿಯಂತ್ರಗಳಿಂದ. ಗಾಳಿ ತಟ್ಟನೆ ಬಿದ್ದುಹೋಯಿತು. ಇಂಥ ಹೊತ್ತಿನಲ್ಲಿ ಕೈ ಹಿಡಿಯಬೇಕಾದ ಬ್ಯಾಟರಿಗಳನ್ನು ಆ ವಾರ ಬದಲಾಯಿಸುತ್ತಿದ್ದರು. ಗೋಡೆಗೆ ನೋಟೀಸು ಅಂಟಿಸಿದ್ದರು; ನೀಲಾ ಓದಿದ್ದಳು ಕೂಡ. ಹನ್ನೊಂದು ಸೆಕೆಂಡು ಗೋದಾಮಿನಲ್ಲಿ ಯಾವ ಸದ್ದೂ ಇರಲಿಲ್ಲ. ಆಮೇಲೆ ದೀಪ ಬಂತು, ಡಿಸ್ಕುಗಳು ಒಂದೊಂದಾಗಿ ಗುಂಯ್‌ಗುಟ್ಟುತ್ತ ಎದ್ದವು. ಹದಿನಾಲ್ಕನೆಯ ಜತೆಯ ಎರಡನೆಯ ಡಿಸ್ಕು ಏಳಲಿಲ್ಲ.

ನೀಲಾಳಿಗೆ ಮೊದಲು ಗಾಬರಿಯೇನೂ ಆಗಲಿಲ್ಲ. ಇದಕ್ಕೆಂದೇ ಅಲ್ಲವೇ ಮೊತ್ತ ಇರುವುದು. ಹೊಸ ಡಿಸ್ಕು ಹಾಕಿಸಿ, ಉಳಿದೆರಡರಿಂದ ಹುಟ್ಟಿಸಲು ಹೇಳಿದಳು. ಕೆಲಸ ಓಡುತ್ತಿರುವಾಗ, ಕರೆಂಟು ಹೋದ ಗಳಿಗೆಯಲ್ಲಿ ಆ ಜತೆಯ ಮೊತ್ತದ ಮುಂದೆ ಸಾಲಿನಲ್ಲಿದ್ದ ಚೀಟಿಗಳು ಯಾರವು ಎಂದು ಸುಮ್ಮನೆ ನೋಡಿದಳು. ಹನ್ನೆರಡು ಇದ್ದವು. ಅವುಗಳಲ್ಲಿ ಹನ್ನೊಂದು ಚೀಟಿಯವರ ಪಕ್ಕದ, ಎರಡನೆಯ ಡಿಸ್ಕಿನ ಜಾಗ ಇನ್ನೂ ಖಾಲಿಯಿತ್ತು, ಕಳೆದುಕೊಳ್ಳುವವರೇ ಇಲ್ಲ. ಹನ್ನೆರಡನೆಯದು ಅಪ್ಪನ ಚೀಟಿ. ಅವರ ಪಕ್ಕದ ಜಾಗದಲ್ಲಿ ಇದ್ದವಳು ಫಕೀರವ್ವ.

ನೀಲಾ ಹಾಳೆ ತೆಗೆದು, ಮೊದಲನೆಯ ತರಗತಿಯ ಹುಡುಗಿಯಂತೆ ಬರೆದಳು. ಅಪ್ಪನದು ಏಳು ಇದ್ದದ್ದು ಒಂಬತ್ತು ಆಗಿದೆ. ಮೊತ್ತ ಹದಿನಾಲ್ಕು ಆಗಬೇಕಿತ್ತು, ಇನ್ನೂ ಹನ್ನೆರಡೇ ಇದೆ. ಹನ್ನೆರಡರಲ್ಲಿ ಒಂಬತ್ತು ಕಳೆದರೆ ಮೂರು. ಫಕೀರವ್ವನದು ಮೂರಲ್ಲ, ಐದು. ಆದರೆ ಅದು ಐದು ಎಂದು ಲೋಕದಲ್ಲಿ ಈಗ ಯಾರಿಗೂ ಗೊತ್ತಿಲ್ಲ.

ಹಳೆಯ ಏಳು ಒಂದು ಸಿಕ್ಕಿದ್ದರೆ ಸಾಕಿತ್ತು. ಅದು ಅಪ್ಪನ ಬಿಲ್ಲೆಯಲ್ಲಿತ್ತು. ಮೂರೂ ಹತ್ತೊಂಬತ್ತಕ್ಕೆ, ಮುಟ್ಟಿತು ಎಂಬ ಸುದ್ದಿ ಕೇಳಿ, ಬಿಲ್ಲೆ ಅದನ್ನು ಬಿಟ್ಟುಬಿಟ್ಟಿತ್ತು. ಮಾಸ್ತರರು ಆಗಲೇ ಚಹ ಕುಡಿಯುತ್ತ ಕೂತಿದ್ದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಗಾದೆಯಿದೆ. ಫಕೀರವ್ವ ಆ ಹೊತ್ತಿನಲ್ಲಿ ಏನನ್ನೂ ನೆನೆದಿರಲಿಲ್ಲ, ಏನನ್ನೂ ಬರೆಸುತ್ತಿರಲಿಲ್ಲ. ತನ್ನ ಪಾಡಿಗೆ ಹಾಸಿಗೆ ಮಡಿಸಿಟ್ಟು ನಾಲ್ಕು ಗಂಟೆಯ ಹಾದಿ ನೋಡುತ್ತಿದ್ದಳು. ಅವಳು ಮಾಡಿದ ತಪ್ಪೆಂದರೆ ಸ್ಟೇಷನ್ ಮಾಸ್ತರರ ಪಕ್ಕದ ಜಾಗದಲ್ಲಿದ್ದದ್ದು.

ನಾಲ್ಕಾಯಿತು. "ನಂದು ತಗದು ಕೊಡವ್ವಾ."

ತನ್ನ ಲೆಕ್ಕ ತಪ್ಪಾಗಿರಲಿ ಎಂದು ನೀಲಾ ಜನ್ಮದಲ್ಲಿ ಮೊದಲ ಸಲ ಬೇಡಿಕೊಂಡಳು, ಬೇಡಿಕೊಂಡು ಕೊಟ್ಟಳು. ಫಕೀರವ್ವ ಕಣ್ಣು ಮುಚ್ಚಿದಳು. ಬೆರಳುಗಳು ಎದ್ದು ನಿಂತವು, ಹಾಗೆಯೇ ನಿಂತವು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದಳು.

"ಜ್ವಾಳದ ಅರಳು ಹುರದಂಗ ಬರೇ ಸಪ್ಪಳ ಬರತೈತಿ. ಇದು ನಂದಲ್ಲವ್ವಾ. ಯಾರದೋ ಕೊಟ್ಟೀ ನೋಡು."

ಮರುದಿನ ಬೆಳಿಗ್ಗೆ ಡಾಕ್ಟರ್ ಗಲಗಲಿ ಹಾಳೆಯ ಮೇಲಿನ ಏಳು, ಐದು, ಹನ್ನೆರಡನ್ನು ಬಹಳ ಹೊತ್ತು ನೋಡಿದರು. ಕೆಟ್ಟ ಮನುಷ್ಯರಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಅಕಿಗೆ ಏನು ಹೋಗ್ಯದ ಅನ್ನೋದು ಅಕಿಗೇ ಗೊತ್ತಿಲ್ಲ" ಎಂದರು.

"ಹೌದ್ರಿ."

"ನೋವು ಅಂತೂ ಇಲ್ಲ. ಇವತ್ತು ಸಂಜೀಕ ಕೂತದ್ದೂ ಅಕಿಗೆ ನಾಳೆಗೆ ನೆನಪಿರಂಗಿಲ್ಲ. ಹೇಳಿ ಏನು ಮಾಡೋರು? ಇಲ್ಲದ ದುಃಖ ಒಂದು ಹುಟ್ಟಿಸಿದಂಗ ಆಗ್ತದ. ಊರಾಗ ಗೊತ್ತಾದ್ರ ಜನ ತಮ್ಮವರನ್ನ ಕರಕೊಂಡು ಹೋಗ್ತಾರ. ಅವರ ನೆನಪೂ ಸೋರಿ ಹೋಗ್ತಾವ." ಕನ್ನಡಕ ಮತ್ತೆ ಏರಿಸಿ, "ನೀವು ನಮ್ಮೆಲ್ಲಾರಿಗೂ ಉಪಕಾರ ಮಾಡೀರಿ, ನೀಲಾ. ಅದನ್ನೂ ಲೆಕ್ಕದಾಗ ಹಿಡೀರಿ" ಎಂದರು.

ಅವರ ಒಂದು ಮಾತನ್ನೂ ಸುಳ್ಳೆನ್ನಲು ನೀಲಾಳಿಗೆ ಆಗಲಿಲ್ಲ. ಒಪ್ಪಿಕೊಳ್ಳಲೂ ಆಗಲಿಲ್ಲ. ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಳು.

ಮಾಸ್ತರರು ತಾಟಿನ ಮುಂದೆ ಕೂತಿದ್ದರು. ರೊಟ್ಟಿ ಮುರಿಯುತ್ತ ಮಗಳ ಮುಖ ನೋಡಿದರು. ಅವತ್ತು ಅವರು ಯಾವ ಸ್ಟೇಷನ್ನಿನಲ್ಲಿದ್ದರೋ ಗೊತ್ತಿಲ್ಲ, ಆದರೆ ದನಿ ಹಳೆಯ ದನಿಯೇ. "ಯಾಕ ಸಪ್ಪಗದಿ? ಕೆಲಸ ಮುಗೀತೇನು?"

"ಮುಗೀತಪ್ಪಾ."

"ಕೊನೀ ಡಬ್ಬಿ ನೋಡೀಯೇನು?"

"ನೋಡೀನಿ."

ಮಾಸ್ತರರು ರೊಟ್ಟಿಯ ತುಂಡನ್ನು ಪಲ್ಯದ ಮೇಲೆ ಹಾಗೆಯೇ ಹಿಡಿದರು. ಪೋರ್ಟರು ಸುಳ್ಳು ಹೇಳಿದಾಗ ಕೇಳುವ ಪ್ರಶ್ನೆಯೊಂದು ಅವರ ಬಳಿ ಇತ್ತು. ಅದು ಇನ್ನೂ ಸೋರಿರಲಿಲ್ಲ.

"ನೋಡಿದ್ರ ಹೇಳು. ಹಲಗಿ ಯಾವ ಮಗ್ಗಲಿಗಿತ್ತು? ಎಡಕೋ, ಬಲಕೋ?"

ನೀಲಾ ತಟ್ಟೆಯನ್ನು ದೂರ ಸರಿಸಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮಾಸ್ತರರಿಗೆ ಕಾರಣ ತಿಳಿಯಲಿಲ್ಲ. ಎಡಗೈಯಿಂದ ಮಗಳ ಬೆನ್ನು ಸವರುತ್ತ, "ಆತು ಬಿಡು, ಆತು ಬಿಡು. ಕೊಟ್ಟಿಲ್ಲಲ್ಲಾ ಲೈನು?" ಎಂದರು.

"ಕೊಟ್ಟೀನಪ್ಪಾ."

ಬೆನ್ನಿನ ಮೇಲಿನ ಮಾಸ್ತರರ ಕೈ ನಿಂತಿತು.

ಆ ಸಂಜೆ ನಾಲ್ಕಕ್ಕೆ ನೀಲಾ ಕಲ್ಲುಬೆಂಚಿನ ಹತ್ತಿರ ಹೋಗಿ ಫಕೀರವ್ವನ ಎದುರು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಡಿಸ್ಕು, ಮೊತ್ತ ಎಂದು ಸುತ್ತಿ ಬಳಸಲಿಲ್ಲ. ನಿನ್ನದೊಂದು ನೆನಪು ನಮ್ಮ ಹತ್ತಿರ ಇತ್ತು, ಅದು ಹೋಯಿತು, ನನ್ನ ಅಪ್ಪ ಅಳುವುದನ್ನು ನೋಡಲಾರದೆ ನಾನು ಅವಸರ ಮಾಡಿದೆ, ಅವನದು ಉಳಿಯಿತು, ನಿನ್ನದು ಹೋಯಿತು ಎಂದಳು.

ಫಕೀರವ್ವ ಕಿವಿಗೊಟ್ಟು ಕೇಳಿದಳು.

"ಏನಿತ್ತವ್ವಾ ಅದರಾಗ?"

"ಗೊತ್ತಿಲ್ಲ. ನಾವು ನೋಡೂಹಂಗಿಲ್ಲ. ಹನ್ನೊಂದು ನಿಮಿಷ ಇತ್ತು, ಅಷ್ಟs ಗೊತ್ತು. ಅದು ಬಂದಾಗ ನೀ ನಗತಿದ್ದಿ."

"ನಗತಿದ್ದೆನು ನಾ?" ಫಕೀರವ್ವ ತನ್ನ ಕೆನ್ನೆ ಮುಟ್ಟಿ ನೋಡಿಕೊಂಡಳು. "ಏನು ಕಳಕೊಂಡೀನಿ ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹಂಗಾದ್ರ ಅಳೂದು ಯಾರ ಸಲುವಾಗಿ, ತಂಗಿ?"

ಹೀಗೆ ಕೇಳುತ್ತಲೇ ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅದನ್ನು ಅವಳು ಒರೆಸಿಕೊಳ್ಳಲೂ ಇಲ್ಲ, ಬಂದದ್ದು ಗೊತ್ತಾದ ಹಾಗೂ ಕಾಣಲಿಲ್ಲ. ನೀಲಾ ಅವಳ ಪಾದ ಹಿಡಿದಳು.

"ಬೈಯಿ ಫಕೀರವ್ವಾ. ಎರಡು ಮಾತರ ಬೈಯಿ."

"ಬೈದ್ರ ನಾಳಿಗೆ ನನಗ ನೆನಪಿರಬೇಕಲ್ಲ." ಮುದುಕಿ ಕಿವಿಯ ಹಿಂದಿನ ಬಿಲ್ಲೆಯನ್ನು ಬೆರಳಿನಿಂದ ಮುಟ್ಟಿದಳು. "ಒಂದು ಕೇಳಲೇನು? ಈಗ ನೀ ಹೇಳಿದ್ದು ಐತಲ್ಲ, ಇದನ್ನ ಬರಸಬ್ಯಾಡ. ನಂದು ಏನೋ ಹೋಗೈತಿ ಅನ್ನೂದೊಂದ ಇಟಗೊಂಡು ನಾ ಏನು ಮಾಡ್ಲಿ? ಇದೂ ಸೋರಿ ಹೋಗ್ಲಿ."

ನೀಲಾ ಬರೆಸಲಿಲ್ಲ. ಮಾರನೆಯ ದಿನಕ್ಕೆ ಫಕೀರವ್ವ ಎಲ್ಲವನ್ನೂ ಮರೆತಿದ್ದಳು. ಕ್ಷಮಿಸಬಹುದಾಗಿದ್ದವಳು ಒಬ್ಬಳೇ, ಅವಳಿಗೆ ಕ್ಷಮಿಸುವುದಕ್ಕೆ ಏನೂ ಉಳಿದಿರಲಿಲ್ಲ.

ನೀಲಾ ಮಾಡಿದ ಮುಂದಿನ ಕೆಲಸಕ್ಕೆ ಯಾರೂ ಅವಳ ಹೊಟ್ಟೆ ತಣ್ಣಗಿರಲಿ ಎನ್ನಲಿಲ್ಲ. ಮುಟ್ಟಿತು ಎನ್ನುವ ಮಾತನ್ನು ಮತ್ತೆ ಐದನೆಯ ಕೊಂಡಿಯ ಆಚೆ ಇಟ್ಟಳು. ನಡೆದದ್ದನ್ನು ಬರೆದು ಬಾಗಿಲಿಗೆ ಅಂಟಿಸಿದಳು, ಕೆಳಗೆ ತನ್ನ ಹೆಸರು ಹಾಕಿದಳು. ಗಲಗಲಿಯವರು ಅದನ್ನು ಕೀಳಿಸಲಿಲ್ಲ. ನಾಲ್ಕು ದಿನ ಅವಳ ಜತೆ ಮಾತು ಬಿಟ್ಟರು, ಅಷ್ಟೇ. ಕೆಲವರು ತಮ್ಮವರನ್ನು ಕರೆದುಕೊಂಡು ಹೋದರು. ಮೊತ್ತದ ಡಿಸ್ಕುಗಳನ್ನು ಹೆಚ್ಚಿಸುವವರೆಗೆ, ಅಂದರೆ ಇನ್ನೂ ಒಂದು ವರ್ಷವಾದರೂ, ಕಾಯುವ ಹೊತ್ತು ನಲವತ್ತು ನಿಮಿಷವೇ.

ಮಾದಲಿ ತಂದಿದ್ದವರು ಈಗ ಎದುರಿಗೆ ಸಿಕ್ಕರೆ ಮುಖ ತಿರುಗಿಸುತ್ತಿದ್ದರು. ಮಾಸ್ತರರು ಮತ್ತೆ ದಿನಾ ಮೂರಕ್ಕೆ ಲೋಟ ಹಿಡಿದರು. "ಒಂದs ಗುಟುಕು, ಗೌರೀ." ನೀಲಾ ಈಗ ಮೇಲಿನ ಕೋಣೆಯಲ್ಲಿ ಕೂರುತ್ತಿರಲಿಲ್ಲ. ಮಂಚದ ಪಕ್ಕದಲ್ಲೇ ಕೂತು, ಅಪ್ಪನ ಇನ್ನೊಂದು ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಅವ್ವ ನೀರು ಕುಡಿಯದೆ ಸಾಯುವುದನ್ನು ನಲವತ್ತು ನಿಮಿಷ ಕೇಳುತ್ತಿದ್ದಳು. ಕೊನೆಯ ಕೊಂಡಿ ಕೂತು ಮುಟ್ಟಿತು ಎಂದ ಮೇಲೆಯೇ ಕೈ ಬಿಡುತ್ತಿದ್ದಳು.

ಸಂಕ್ರಮಣ ಕಳೆದು ಒಂದು ಗುರುವಾರ. ಅಪ್ಪನದು ಮುಗಿಯುವ ಹೊತ್ತಿಗೆ ನಾಲ್ಕಾಗಿತ್ತು. ಅವರನ್ನು ಒಳಗೆ ಕಿಟಕಿಯ ಪಕ್ಕ ಕೂರಿಸಿ, ಕೈಗೆ ಚಹ ಕೊಟ್ಟು, ನೀಲಾ ಅಂಗಳಕ್ಕೆ ಬಂದು ಕಲ್ಲುಬೆಂಚಿನ ಮುಂದೆ, ಅದಕ್ಕೆ ಬೆನ್ನು ಮಾಡಿ, ನೆಲದ ಮೇಲೆ ಕಾಲು ಚಾಚಿ ಕೂತಳು. ಬೆಂಚಿನ ಮೇಲೆ ಫಕೀರವ್ವ ಇದ್ದಳು. ನಾಲ್ಕು ಗಂಟೆಗೆ ಅಲ್ಲಿಗೆ ಏಕೆ ಬರುತ್ತೇನೆಂದು ಅವಳಿಗೆ ಗೊತ್ತಿರಲಿಲ್ಲ, ಕಾಲು ಕರೆತರುತ್ತಿತ್ತು. ನಂದು ಕೊಡು ಎಂದು ಕೇಳುವುದನ್ನೂ ಈಗ ಬಿಟ್ಟಿದ್ದಳು.

ನೀಲಾಳ ತುರುಬು ಆ ದಿನದ ಓಡಾಟಕ್ಕೆ ಸಡಿಲಾಗಿ ಬಿಚ್ಚಿ ಬೆನ್ನ ಮೇಲೆ ಬಿದ್ದಿತ್ತು. ಕಟ್ಟಿಕೊಳ್ಳುವಷ್ಟು ತ್ರಾಣವೂ ಇಲ್ಲದೆ ಹಾಗೇ ಕೂತಿದ್ದಳು. ಹಿಂದಿನಿಂದ ಎರಡು ಕೈ ಬಂದು ಕೂದಲನ್ನು ಮುಟ್ಟಿದವು.

ಬೆರಳುಗಳು ಮೊದಲು ಸಿಕ್ಕು ಬಿಡಿಸಿದವು. ಆಮೇಲೆ ಕೂದಲನ್ನು ಮೂರು ಪಾಲು ಮಾಡಿದವು. ಮೇಲೆ, ಕೆಳಗೆ, ಮೇಲೆ. ಗಾಳಿಯಲ್ಲಿ ಎಷ್ಟು ಸಲ ನೋಡಿದ್ದ ಅದೇ ಆಟ. ಅದು ನೂಲಲ್ಲ. ನಲವತ್ತು ವರ್ಷದ ಮಗ್ಗಕ್ಕೂ ಆ ಬೆರಳಿಗೂ ಸಂಬಂಧವೇ ಇರಲಿಲ್ಲ.

ನೀಲಾಳ ಕೂದಲು ಸೊಂಟದವರೆಗೆ ಇತ್ತು. ಫಕೀರವ್ವನ ಕೈ ಒಂದು ಗೇಣು ಹೆಣೆದು ಅಲ್ಲಿಗೇ ನಿಂತಿತು. ಅದಕ್ಕಿಂತ ಉದ್ದ ಆ ಕೈಗೆ ಗೊತ್ತಿರಲಿಲ್ಲ. ಗೇಣುದ್ದದ ಜಡೆಯ ತುದಿಗೆ ಇಲ್ಲದ ರಿಬ್ಬನ್ನನ್ನು ಎರಡು ಸುತ್ತು ಸುತ್ತಿ ಗಂಟು ಹಾಕಿ, ಬೆನ್ನ ಮೇಲೆ ಮೆಲ್ಲಗೆ ಎರಡು ಸಲ ತಟ್ಟಿತು.

"ಹೋಗಿ ಬಾ, ಸಾಲಿಗೆ ಹೊತ್ತಾತು" ಎಂದಳು ಫಕೀರವ್ವ.

ತಟ್ಟಿದ ಕೈಯನ್ನು ತಾನೇ ನೋಡಿಕೊಂಡು, "ಯಾರಿಗವ್ವಾ ನಾ ಹಂಗಂದೆ?" ಎಂದು ಕೇಳಿದಳು.

ಯಾರಿಗೆ ಎಂದು ನೀಲಾ ಹೇಗೆ ಹೇಳಿಯಾಳು? ಹೆಸರು ಆ ಹನ್ನೊಂದು ನಿಮಿಷದಲ್ಲಿತ್ತು. ಆ ಹುಡುಗಿ ಲೋಕದಲ್ಲಿ ಉಳಿದದ್ದು ಅಲ್ಲಿ ಮಾತ್ರ, ಅಲ್ಲಿಂದಲೂ ಅವಳನ್ನು ಕಳಿಸಿದ್ದಾಯಿತು. ನೀಲಾ ತಿರುಗಿ ಮುದುಕಿಯ ಮಡಿಲಲ್ಲಿ ತಲೆಯಿಟ್ಟಳು. ಫಕೀರವ್ವ ಬೇಡವೆನ್ನಲಿಲ್ಲ.

ಕಿಟಕಿಯ ಒಳಗಿನಿಂದ ಮಾಸ್ತರರು ಕೂಗಿದರು. "ಏ ನೀಲಾ, ಕೊನೀ ಡಬ್ಬಿ ದಾಟಿತೇನು?"

"ಇಲ್ಲಪ್ಪಾ" ಎಂದಳು ನೀಲಾ, ತಲೆಯೆತ್ತದೆ. "ಅದು ಹಿಂದs ಉಳದೈತಿ."

"ಹಂಗಾದ್ರ ಲೈನು ಕೊಡಬ್ಯಾಡ" ಎಂದರು ಮಾಸ್ತರರು. "ಅಲ್ಲೇ ನಿಂತು ದಾರಿ ನೋಡು."

ಹೆಣೆದದ್ದನ್ನು ಫಕೀರವ್ವ ಬಿಚ್ಚಿ, ಮತ್ತೆ ಮೂರು ಪಾಲು ಮಾಡಿ ಮೊದಲಿನಿಂದ ಶುರುಮಾಡಿದಳು. ನೀಲಾ ಏಳಲಿಲ್ಲ.